ಅತ್ತೆಯ ಓಟದ ಕಾರು

ಮೊದಲೇ ಹೇಳಿಬಿಡುತ್ತೇನೆ, ನಾನು ಸುಳ್ಳು ಹೇಳುವವನಲ್ಲ. ನಿಜಕ್ಕೆ ಸ್ವಲ್ಪ ಇಸ್ತ್ರಿ ಹಾಕಿ, ಸೆಂಟು ಹಚ್ಚಿ ಹೊರಗೆ ಕಳಿಸುತ್ತೇನೆ, ಅಷ್ಟೆ. ನಮ್ಮ ಬೀದಿಯ ಹೊಟ್ಟೆಕಿಚ್ಚಿನ ಜನ ಇದನ್ನು ‘ರೈಲು ಬಿಡುವುದು’ ಎಂದು ಕರೆದು, ಕೊನೆಗೆ ನನಗೇ ‘ರೈಲು’ ಎಂಬ ಹೆಸರಿಟ್ಟರು. ನನ್ನದು ಕನ್ನಡಕದ ಅಂಗಡಿ. ಅಂಗಡಿಗೆ ಬಾಗಿಲಿಗಿಂತ ದೊಡ್ಡ ಬೋರ್ಡಿದ್ದರೂ ಜನ ದಾರಿ ಕೇಳುವುದು ‘ರೈಲಿನವರ ಅಂಗಡಿ ಎಲ್ಲಿ’ ಎಂದೇ. ಒಮ್ಮೆ ಒಬ್ಬರು ಟ್ರಂಕು ಹಿಡಿದು ಬಂದು ಮುಂದಿನ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿದರು. ಅವರನ್ನೂ ಕೂರಿಸಿ, ಕಣ್ಣು ಪರೀಕ್ಷೆ ಮಾಡಿ, ಕನ್ನಡಕ ಹಾಕಿಯೇ ಕಳಿಸಿದೆ.

ಇಡೀ ಊರಿನ ಕಣ್ಣು ನನ್ನ ಕೈಯಲ್ಲಿದೆ. ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲನ್ನು ನಾನು ಎದುರು ಅಂಗಡಿಯಲ್ಲಿ ನಿಂತು, ಮಂಜಿನಲ್ಲಿ, ಸೀನುತ್ತಾ ಓದಬಲ್ಲೆ. ಆದರೆ ಈ ಸಲ ಕೈಕೊಟ್ಟದ್ದು ಕಣ್ಣಲ್ಲ, ಕಿವಿ. ಊರಿನವರ ಕಣ್ಣು ನೋಡಲು ನಾನಿದ್ದೆ, ನನ್ನ ಕಿವಿ ನೋಡಲು ಯಾರೂ ಇರಲಿಲ್ಲ.

ಮನೆಯ ಮುಂದೆ ಒಂದು ಕಾರಿತ್ತು. ತೀರಿಹೋದ ನಮ್ಮ ಮಾವನವರದು. ಮೊಟ್ಟೆಯ ಬಣ್ಣ, ಮೊಟ್ಟೆಯ ಆಕಾರ, ಒಳಗೆ ಕೂತರೆ ಮೊಟ್ಟೆಯೊಳಗಿನ ಮರಿಯ ಹಾಗೆ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡೇ ಕೂರಬೇಕು. ಊರಿನ ಆ ಕಡೆಯಿಂದ ಅತ್ತೆ ನಮ್ಮ ಮನೆಗೆ ಬಂದು ನೆಲೆಸಿದಾಗ ಅದೂ ಅವರ ಹಿಂದೆಯೇ ಬಂತು. ಬಂತು ಎಂದರೆ ಲಾರಿಯ ಮೇಲೆ ಬಂತು. ಇಳಿಸಿದ ಜಾಗದಿಂದ ಒಂದು ಅಂಗುಲ ಅಲುಗಾಡಿರಲಿಲ್ಲ. ಕೈಬ್ರೇಕು ಯಾವ ಕಾಲದಲ್ಲೋ ಕಿತ್ತುಹೋಗಿದ್ದರಿಂದ ಚಕ್ರಕ್ಕೆ ಒಂದು ಕಲ್ಲು ಕೊಟ್ಟಿದ್ದೆವು. ನಮ್ಮ ಬೀದಿ ಕೆರೆಯ ಕಡೆಗೆ ಇಳಿಜಾರು. ಕೈಯಿಂದ ಜಾರಿದ ನಿಂಬೆಹಣ್ಣು ಕೂಡ ಕೆರೆ ಸೇರಿಯೇ ನಿಲ್ಲುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ರೇಡಿಯೋ, ಉಣ್ಣೆಯ ಉಂಡೆ, ಒಂದು ಹಿಡಿ ಪೆಪ್ಪರ್‌ಮಿಂಟು ತೆಗೆದುಕೊಂಡು ಹೋಗಿ ಆ ಕಾರಿನಲ್ಲಿ ಕೂರುತ್ತಿದ್ದರು. ಚಾಲಕನ ಪಕ್ಕದ ಸೀಟಿನಲ್ಲಿ. ಚಾಲಕನ ಸೀಟಿನ ಮೇಲೆ ಉಣ್ಣೆ ಕೂಡ ಇಡುತ್ತಿರಲಿಲ್ಲ. ಹೆಣಿಗೆಯ ನಡುವೆ ಆಗಾಗ ಆ ಖಾಲಿ ಸೀಟಿನ ಕಡೆ ತಿರುಗಿ, “ನಿಧಾನ, ನಿಧಾನ” ಅನ್ನುತ್ತಿದ್ದರು. ಜಗತ್ತಿನಲ್ಲಿ ಅಷ್ಟು ನಿಧಾನವಾಗಿ ಓಡಿಸಿಯೂ ಅಷ್ಟು ಬೈಸಿಕೊಂಡ ಚಾಲಕ ಇನ್ನೊಬ್ಬನಿರಲಾರ.

ಈ ಕಾರಿಗೆ ಶತ್ರುಗಳು ಇಬ್ಬರು. ಒಬ್ಬ ನನ್ನ ಭಾವಮೈದುನ, ಅಂದರೆ ಅತ್ತೆಯ ಸ್ವಂತ ಮಗ. ನಮ್ಮ ಮಹಡಿಯ ಮೇಲೆಯೇ ಇದ್ದಾನೆ, ಬ್ಯಾಂಕಿನಲ್ಲಿ ಕೆಲಸ. ಅವನ ಹತ್ತಿರ ದೋಣಿಯಷ್ಟು ಉದ್ದದ ಹೊಸ ಕಾರಿದೆ, ನಿಲ್ಲಿಸಲು ಜಾಗವಿಲ್ಲ. ಇನ್ನೊಬ್ಬರು ಪುರಸಭೆಯ ಸಾಹೇಬರು. ಒಂದು ಮಧ್ಯಾಹ್ನ ಅವರು ಬಂದವರೇ ಕಾರಿನ ಮುಂದಿನ ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದರು: ‘ಓಡದ ಗಾಡಿ’.

“ಏನು ಸ್ವಾಮಿ ಇದು?” ಎಂದೆ.

“ಓಡದ ಗಾಡಿಗಳನ್ನೆಲ್ಲ ರಸ್ತೆಯಿಂದ ಎತ್ತಿಸ್ಬೇಕು ಅಂತ ಮೇಲಿಂದ ಬಂದಿದೆ. ಸೋಮವಾರ ಕ್ರೇನ್ ಬರುತ್ತೆ.”

“ಒಳಗೆ ನಮ್ಮ ಅತ್ತೆ ಇದ್ದಾರೆ.”

“ಅವರನ್ನ ಎತ್ತಿ ಅಂತ ಬಂದಿಲ್ಲ. ಅವರು ಇಳೀಬಹುದು.”

ಕಾರಿನೊಳಗಿಂದ ಅತ್ತೆ ಕಿಟಕಿಯ ಗಾಜು ಇಳಿಸಿ, “ನಾನು ಇಳಿಯಲ್ಲ ಅಂತ ಹೇಳಿ ಅಳಿಯಂದ್ರೇ” ಅಂದು, ಗಾಜು ಏರಿಸಿಕೊಂಡರು.

ಆಗ ನನ್ನ ನಾಲಿಗೆ ಎಂದಿನ ಹಾಗೆ ನನಗಿಂತ ಮೊದಲೇ ಹೊರಟಿತು. “ಸಾಹೇಬ್ರೇ, ನಿಮಗೆ ಒಂದಕ್ಷರ ತಪ್ಪಿದೆ. ಇದು ಓಡದ ಗಾಡಿ ಅಲ್ಲ, ಓಟದ ಗಾಡಿ. ರೇಸಿಂದು. ನಮ್ಮ ಮಾವನವರು ಇದರಲ್ಲಿ ಗೆದ್ದ ಕಪ್ಪುಗಳನ್ನ ಇಡೋಕೆ ಜಾಗ ಇಲ್ಲದೆ ಅದರಲ್ಲೇ ಕಾಫಿ ಕುಡೀತಿದ್ರು.”

ಸಾಹೇಬರು ನಾನೇ ಮಾಡಿಕೊಟ್ಟ ಕನ್ನಡಕವನ್ನು ಹಣೆಯ ಮೇಲೇ ಇಟ್ಟುಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದರು. “ಹಾಗಾದ್ರೆ ಸೋಮವಾರ ಓಡಿಸಿ ತೋರಿಸಿ. ಓಡಿದ್ರೆ ಬಿಡ್ತೀನಿ” ಅಂದು ಹೋದರು.

ಈಗ ದೇವರು ಎಂಥ ತುಂಟ ನೋಡಿ. ಅದೇ ಸಂಜೆ ಮನೆಯ ಫೋನು ಬಡಿದುಕೊಂಡಿತು. ಆ ಕಡೆ ಒಬ್ಬರು ಸಿನಿಮಾ ಕಂಪನಿಯ ಮ್ಯಾನೇಜರು. ಅವರಿಗೆ ನೆಗಡಿ. ಈ ಕಡೆ ಒಲೆಯ ಮೇಲೆ ಕುಕ್ಕರಿಗೆ ಸಿಟ್ಟು. ಇವೆರಡರ ನಡುವೆ ನನ್ನ ಕಿವಿ.

“ನಿಮ್ಮ ಹತ್ರ ಒಂದು ಓಟದ ಕಾರು ಇದೆಯಂತಲ್ಲ?” ಎಂದು ನನಗೆ ಕೇಳಿಸಿತು.

ನಾನು ಮಧ್ಯಾಹ್ನ ಬಿಟ್ಟ ರೈಲು ಸಂಜೆಯೊಳಗೆ ಸಿನಿಮಾ ಕಂಪನಿಯ ತನಕ ಹೋಗಿ ಮುಟ್ಟಿತ್ತು. ಎದೆ ಉಬ್ಬಿತು. “ಇದೆ” ಎಂದೆ, “ಈ ಸುತ್ತಿನಲ್ಲೇ ಅಂಥದ್ದು ಇನ್ನೊಂದಿಲ್ಲ.”

“ಅಂಥದ್ದನ್ನೇ ಹುಡುಕ್ತಾ ಇದ್ವಿ ಸಾರ್. ನಮ್ಮದೊಂದು ಹಾಸ್ಯದ ರೇಸ್ ಪಿಕ್ಚರು. ದೊಡ್ಡ ದೊಡ್ಡ ಸ್ಟಾರುಗಳು, ಆದರೆ ಒಬ್ಬೊಬ್ಬರಿಗೂ ಯಾರೂ ಊಹಿಸದ ಗಾಡಿ. ಮಕ್ಕಳನ್ನ ಹೆದರಿಸೋ ವಿಲನ್ನಿಗೆ ಐಸ್‌ಕ್ರೀಂ ವ್ಯಾನು. ಸುಕುಮಾರಿ ನಾಯಕಿಗೆ ನೀರಿನ ಟ್ಯಾಂಕರ್ರು. ನಮ್ಮ ಸಿಡಿಲಣ್ಣನಿಗೆ ನಿಮ್ಮ ಕಾರು.”

ಸಿಡಿಲಣ್ಣ ಯಾರೆಂದು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಬಾಗಿಲಷ್ಟು ಎತ್ತರದ ಸಾಹಸ ನಟ. ಅವರ ಪಿಕ್ಚರುಗಳಲ್ಲಿ ಕಾರು ರಸ್ತೆಯ ಮೇಲೆ ಹೋಗುವುದು ಇಂಟರ್‌ವಲ್ ತನಕ ಮಾತ್ರ. ಆಮೇಲೆಲ್ಲ ಗೋಡೆ ಒಡೆದು, ಸೇತುವೆ ಹಾರಿ, ಹಡಗಿನ ಒಳಗೆ ಹೊಕ್ಕು ಆ ಕಡೆಯಿಂದ ಬರುವುದೇ.

“ಸೋಮವಾರ ಬೆಳಿಗ್ಗೆ ಬರ್ತೀವಿ” ಎಂದರು ಮ್ಯಾನೇಜರು. “ಹೇಗಿದೆಯೋ ಹಾಗೇ ಇರ್ಲಿ ಸಾರ್, ಏನೂ ಮುಟ್ಟಬೇಡಿ.”

ಫೋನಿಟ್ಟು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೆಂಡತಿ ಕುಕ್ಕರ್ ಇಳಿಸುತ್ತಾ ಕೇಳಿದಳು. “ರೀ, ಅವರು ಅಂದಿದ್ದು ಓಟದ ಅಂತಲೋ, ಓಡದ ಅಂತಲೋ?”

“ಓಡದ ಕಾರು ಯಾರಿಗೆ ಬೇಕೇ? ರೇಸ್ ಪಿಕ್ಚರಿನಲ್ಲಿ ಓಡದ ಕಾರು ಇಟ್ಕೊಂಡು ಏನು ಮಾಡ್ತಾರೆ, ಪೂಜೆ ಮಾಡ್ತಾರಾ?”

“ಅಲ್ಲ, ಏನೂ ಮುಟ್ಟಬೇಡಿ ಅಂದ್ರು ಅಂದ್ರಲ್ಲ.”

“ದೊಡ್ಡವರು ಹಾಗೇ ಹೇಳೋದು. ನಾವು ನೆಂಟರ ಮನೆಗೆ ಹೊರಟಾಗ ‘ಏನೂ ಮಾಡಬೇಡಿ’ ಅನ್ನಲ್ವಾ? ಅಲ್ಲಿ ಹೋದ ಮೇಲೆ ಏನೂ ಮಾಡದೇ ಇದ್ರೆ ನೀನೇ ಆರು ತಿಂಗಳು ಆಡಿಕೊಳ್ತೀಯ.”

ಇದಕ್ಕೆ ಅವಳು ಏನಂದಳೋ ಗೊತ್ತಿಲ್ಲ, ನಾನು ಅಷ್ಟು ಹೊತ್ತಿಗೆ ಬೀದಿಗೆ ಇಳಿದಾಗಿತ್ತು.

ನನ್ನ ಬಾಯಿಂದ ಹೊರಟ ಸುದ್ದಿ ಕೆರೆಯ ತನಕ ಹೋಗಿ ಎರಡು ಸುತ್ತು ಹಾಕಿ ಬರುವಷ್ಟರಲ್ಲಿ ದರ್ಜಿಯ ಅಂಗಡಿಯಲ್ಲಿ ಸಭೆ ಸೇರಿತ್ತು. ದರ್ಜಿ ಕತ್ತರಿ ಕೆಳಗಿಟ್ಟಿದ್ದ. ಅವನು ಕತ್ತರಿ ಕೆಳಗಿಡುವುದು ಅಪರೂಪ, ಅರ್ಧಕ್ಕೆ ನಿಂತ ಒಂದು ಪ್ಯಾಂಟು ಅವತ್ತೇ ಚಡ್ಡಿಯಾಯಿತು ಎಂದು ಆಮೇಲೆ ತಿಳಿಯಿತು.

“ವಿಲನ್ನಿಗೆ ಐಸ್‌ಕ್ರೀಂ ವ್ಯಾನು ಸರಿಯಿಲ್ಲ” ಎಂದರು ನಿವೃತ್ತ ಭೂಗೋಳದ ಮೇಷ್ಟ್ರು. “ನನ್ನ ಸ್ಕೂಟರ್ ಕೊಡಿ. ಅದರ ಪಕ್ಕಕ್ಕೆ ಡಬ್ಬಿ ಇದೆ. ಕದ್ದ ಮಾಲು ಇಟ್ಕೊಳ್ಳೋಕೂ ಆಗುತ್ತೆ.”

“ಮೇಷ್ಟ್ರೇ, ನಿಮ್ಮ ಸ್ಕೂಟರಿನಲ್ಲಿ ವಿಲನ್ ಬಂದ್ರೆ ಹಿಡಿಯೋಕೆ ಪೊಲೀಸ್ ಬೇಡ, ನಡ್ಕೊಂಡು ಹೋಗೋ ಯಾರಾದ್ರೂ ಹಿಡೀತಾರೆ” ಎಂದ ದರ್ಜಿ.

“ನಿನ್ನ ಮೊಪೆಡ್ಡಿಗಿಂತ ವಾಸಿ ಕಣಯ್ಯ. ಅದು ಹೋಗೋದಕ್ಕಿಂತ ಅದರ ಸದ್ದೇ ಬೇಗ ಹೋಗುತ್ತೆ.”

“ನನ್ನ ಮೊಪೆಡ್ಡನ್ನ ನಾಯಕಿಗೆ ಇಟ್ಟಿದ್ದೀನಿ. ಟ್ಯಾಂಕರ್ ಓಡಿಸಿ ಕೈ ನೋಯಿಸಿಕೊಳ್ಳೋದು ಬೇಡ, ಪಾಪ” ಎಂದ ದರ್ಜಿ, ನಾಯಕಿ ತನ್ನ ಅತ್ತಿಗೆಯ ಮಗಳೋ ಎಂಬಂತೆ.

ಹೀಗೆ ಇಡೀ ಸಿನಿಮಾರಂಗಕ್ಕೆ ನಮ್ಮ ಬೀದಿಯ ಗಾಡಿಗಳನ್ನು ಹಂಚಿದ್ದಾಯಿತು. ಒಬ್ಬ ಹಾಸ್ಯ ನಟ ಕಡಿಮೆ ಬಿದ್ದು, ಇಸ್ತ್ರಿಯವನ ತಳ್ಳುಗಾಡಿ ಹಾಗೇ ಉಳಿಯಿತು. ಅವನು ಬೇಜಾರು ಮಾಡಿಕೊಂಡು ನನ್ನ ಅಂಗಿಯನ್ನು ಒಂದು ವಾರ ಮುದ್ದೆಯಾಗಿಯೇ ವಾಪಸು ಕೊಟ್ಟ.

ಉಳಿದದ್ದು ಒಂದೇ ಒಂದು ಸಣ್ಣ ತೊಡಕು. ಓಟದ ಕಾರು ಓಡುತ್ತಿರಲಿಲ್ಲ.

ಮೆಕ್ಯಾನಿಕ್ಕನ್ನು ಕರೆಸಿದೆ. ಎಲ್ಲರೂ ಅವನನ್ನು ‘ಡಾಕ್ಟ್ರು’ ಎಂದೇ ಕರೆಯುವುದು, ಏಕೆಂದರೆ ಅವನ ಕೈಗೆ ಸಿಕ್ಕ ಗಾಡಿಗಳಲ್ಲಿ ಕೆಲವು ಬದುಕಿದ್ದವು. ಬಾನೆಟ್ ಎತ್ತಿ, ಕಿವಿಯಿಟ್ಟು, ಕಣ್ಣು ಮುಚ್ಚಿಕೊಂಡು ನಿಂತ.

“ನಾಡಿ ಇದೆ” ಎಂದ.

“ಉಳಿಯುತ್ತಾ?”

“ಪೇಷೆಂಟ್ ಉಳಿಯುತ್ತೆ. ಕಡೆಯವರು ಧೈರ್ಯ ತಗೋಬೇಕು.”

ಅಲ್ಲಿಂದ ಶುರುವಾಯಿತು ನೋಡಿ ಆಪರೇಷನ್. ದರ್ಜಿ ಹೊಲಿಗೆ ಯಂತ್ರದ ಬೆಲ್ಟು ಕೊಟ್ಟ. ಮೇಷ್ಟ್ರು ಪ್ರಪಂಚದ ನಕ್ಷೆ ಕೊಟ್ಟರು, ಅದು ಮೇಲ್ಛಾವಣಿ ಸೋರುವ ಕಡೆ ಹೋಯಿತು. ನಾನು ಒಡೆದ ಹೆಡ್‌ಲೈಟಿಗೆ ಅಂಗಡಿಯಲ್ಲಿದ್ದ ಅತ್ಯಂತ ದಪ್ಪ ಸೋಡಾಗ್ಲಾಸಿನ ಮಸೂರ ಹಾಕಿದೆ. ಪರಿಣಾಮವಾಗಿ ಕಾರು ಬೀದಿಯನ್ನೆಲ್ಲ ಕಣ್ಣರಳಿಸಿ, ಪರೀಕ್ಷೆಗೆ ಓದದ ವಿದ್ಯಾರ್ಥಿಯ ಹಾಗೆ ನೋಡತೊಡಗಿತು. ಗಾಜಿನ ಮೇಲಿನ ‘ಓಡದ ಗಾಡಿ’ಯನ್ನು ಒರೆಸಲು ಹೋದರೆ ಹೆಂಡತಿ ತಡೆದಳು. “ಸರ್ಕಾರಿ ಅಕ್ಷರ, ಅವರೇ ಒರೆಸ್ಲಿ.”

ಅತ್ತೆ ಮಾತ್ರ ದಿನವೂ ಮಧ್ಯಾಹ್ನ ಬಂದು, ಡಾಕ್ಟ್ರ ಕಾಲುಗಳನ್ನು ದಾಟಿ, ತಮ್ಮ ಸೀಟಿನಲ್ಲಿ ಕೂತು ಹೆಣಿಗೆ ಮುಂದುವರಿಸಿದರು. ಒಂದು ದಿನ ಕೇಳಿದರು. “ಅಳಿಯಂದ್ರೇ, ನಿಜವಾಗ್ಲೂ ಓಡುತ್ತಾ?”

“ಓಡೋದಲ್ಲ ಅತ್ತೆ, ಹಾರುತ್ತೆ.”

“ಹಾರೋದು ಬೇಡ. ಒಂದು ಸಲ ಕೆರೆ ತನಕ ಹೋದ್ರೆ ಸಾಕು. ಇವರು ಪ್ರತಿ ಭಾನುವಾರ ಕರ್ಕೊಂಡು ಹೋಗ್ತಿದ್ರು. ಕೊನೇ ಸಲ ಹೊರಟಾಗ ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ‘ಮುಂದಿನ ವಾರ ಹೋಗೋಣ ಬಿಡು’ ಅಂದ್ರು.” ಆಮೇಲೆ ಸೂಜಿಯ ಕಡೆ ನೋಡಿ, “ಈ ಸಾಲಲ್ಲಿ ಒಂದು ಕುಣಿಕೆ ಬಿಟ್ಟುಹೋಯ್ತು” ಎಂದರು.

ಕಾರಿನ ಅಡಿಯಿಂದ ಡಾಕ್ಟ್ರು ಮೂಗೆಳೆದುಕೊಂಡ ಸದ್ದು ಬಂತು. ಕಣ್ಣಿಗೆ ಆಯಿಲ್ ಬಿತ್ತು ಎಂದ.

ಸೋಮವಾರ ಬಂತು. ಬೆಳಿಗ್ಗೆ ಡಾಕ್ಟ್ರು ಎರಡು ತಂತಿ ತಾಗಿಸಿದ. ಕಾರು ಒಮ್ಮೆ ಬಿಕ್ಕಿತು, ಎರಡು ಸಲ ಕೆಮ್ಮಿತು, ಆಮೇಲೆ ಕಾರಿತು. ಇಷ್ಟು ವರ್ಷ ನುಂಗಿಕೊಂಡಿದ್ದ ಹೊಗೆಯನ್ನೆಲ್ಲ ಒಂದೇ ಸಲ ಕಾರಿತು. ಅದಕ್ಕೆ ಕಾರು ಎಂಬ ಹೆಸರು ಯಾಕೆ ಬಂತೆಂದು ನನಗೆ ಅವತ್ತು ಅರ್ಥವಾಯಿತು. ಹೊಗೆ ತಿಳಿಯಾದಾಗ ಎದುರು ಮನೆಯ ಬಿಳಿ ಬೆಕ್ಕು ಕಪ್ಪಾಗಿತ್ತು. ಆದರೆ ಎಂಜಿನ್ ದಬದಬ ದಬದಬ ಎಂದು ಓಡುತ್ತಿತ್ತು.

“ಶಹಬ್ಬಾಸ್ ಡಾಕ್ಟ್ರೇ. ಈಗ ಆರಿಸಿ, ಅವರು ಬರ್ಲಿ” ಎಂದೆ.

ಡಾಕ್ಟ್ರು ಕಿವಿ ತುರಿಸಿಕೊಂಡ. “ಆರಿಸೋದಕ್ಕೆ ಇನ್ನೊಂದು ಆಪರೇಷನ್ ಬೇಕು.”

ಅಷ್ಟು ಹೊತ್ತಿಗೆ ಸಿನಿಮಾದವರ ವ್ಯಾನುಗಳು ಬೀದಿಗೆ ನುಗ್ಗಿದವು. ನಿರ್ದೇಶಕರು ಇಳಿದರು, ಕ್ಯಾಮೆರಾ ಇಳಿಯಿತು, ಛತ್ರಿಗಳು ಇಳಿದವು, ಎಲ್ಲಕ್ಕಿಂತ ಕೊನೆಗೆ ಸಿಡಿಲಣ್ಣ ಇಳಿದರು. ಅವರು ಇಳಿಯುವುದೆಂದರೆ ಕಾಲು ಮೊದಲು ಬಂದು, ಸ್ವಲ್ಪ ಹೊತ್ತಿನ ಮೇಲೆ ಮುಖ ಬರುತ್ತದೆ, ಅಷ್ಟೆತ್ತರ. ನಮ್ಮ ಬೀದಿಯವರೆಲ್ಲ ಮದುವೆಗೆ ಹೊರಟಂತೆ ಅಲಂಕಾರ ಮಾಡಿಕೊಂಡು ನಿಂತಿದ್ದರು. ಇನ್ನೊಂದು ತುದಿಯಿಂದ ಕ್ರೇನಿನ ಜೊತೆ ಪುರಸಭೆಯ ಸಾಹೇಬರೂ ಬಂದರು. ಅತ್ತೆ ಮಾತ್ರ ಒಳ್ಳೆಯ ಬಟ್ಟೆಯುಟ್ಟು, ಕೈಚೀಲ ಮಡಿಲಲ್ಲಿಟ್ಟುಕೊಂಡು, ಕಾರಿನಲ್ಲಿ ತಮ್ಮ ಸೀಟಿನಲ್ಲೇ ಕೂತಿದ್ದರು.

ನಿರ್ದೇಶಕರು ಕಾರನ್ನು ನೋಡಿದರು. ಮುಖ ಅರಳಿತು. ಆಮೇಲೆ ಅವರಿಗೆ ದಬದಬ ಕೇಳಿಸಿತು. ಅರಳಿದ್ದು ಮುದುಡಿತು.

“ಇದು ಓಡುತ್ತಾ?”

ಅವರು ಯಾಕೆ ಹೀಗೆ ಅಳುಮುಖದಲ್ಲಿ ಕೇಳುತ್ತಾರೆಂದು ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮಹಡಿಯ ಮೆಟ್ಟಿಲಿನಿಂದ ಭಾವಮೈದುನ ಇಳಿದು ಬಂದ. ವಾರವಿಡೀ ಪರವೂರಿನಲ್ಲಿ ಬ್ಯಾಂಕಿನ ತರಬೇತಿಯಿದ್ದು, ಹಿಂದಿನ ದಿನ ತಡವಾಗಿ ಬಂದಿದ್ದ. ದಬದಬ ಕೇಳಿ ಹಣೆ ಹಿಡಿದುಕೊಂಡ.

“ಭಾವ, ಏನು ಮಾಡಿದ್ರಿ? ಓಡದ ಕಾರು ಬೇಕು ಅಂತ ಇವರ ಮ್ಯಾನೇಜರ್ ನಮ್ಮ ಬ್ಯಾಂಕಿಗೆ ಬಂದಾಗ ಅಂದ್ರು. ನಮ್ಮನೆ ಮುಂದೇನೇ ಒಂದಿದೆ ಅಂತ ನಿಮ್ಮ ನಂಬರು ಕೊಟ್ಟವನು ನಾನು. ಹೊತ್ಕೊಂಡು ಹೋಗ್ತಾರೆ, ಜಾಗ ಖಾಲಿ ಆಗುತ್ತೆ ಅಂತ.”

“ಓಡದ?” ಎಂದೆ.

“ಓಡದ” ಎಂದರು ನಿರ್ದೇಶಕರು. “ಕಥೆನೇ ಅದು ಸ್ವಾಮಿ. ಎಲ್ಲರ ಗಾಡಿನೂ ಓಡುತ್ತೆ. ಇಷ್ಟು ದೊಡ್ಡ ಸಾಹಸಿಗೆ ಮಾತ್ರ ಓಡದ ಕಾರು. ಊರೇ ಸೇರಿ ತಳ್ಳುತ್ತೆ. ಓಡೋದಾದ್ರೆ ನಾವು ಹೊರಟ್ವಿ.”

ಹೆಂಡತಿ ನನ್ನ ಕಡೆ ನೋಡಿದಳು. ಮದುವೆಯಾದಾಗಿನಿಂದ ಅವಳು ಬೈದದ್ದನ್ನೆಲ್ಲ ಒಟ್ಟು ಹಾಕಿದರೂ ಆ ನೋಟಕ್ಕೆ ಸಮವಾಗದು.

ನಾನು ನಿರ್ದೇಶಕರ ಕಿವಿಯ ಹತ್ತಿರ ಹೋಗಿ, “ಸಾರ್, ಇದು ಓಡಲ್ಲ” ಎಂದೆ.

“ಎಂಜಿನ್ ಓಡ್ತಾ ಇದೆಯಲ್ಲ.”

“ಅದು ಸದ್ದು ಮಾತ್ರ. ಕೂತಲ್ಲೇ ಗೊಣಗೋದು ಇದರ ಸ್ವಭಾವ. ವಯಸ್ಸಾಯ್ತಲ್ಲ.”

“ಏನಂದ್ರಿ, ಓಡಲ್ವಾ?” ಬೆನ್ನ ಹಿಂದಿನಿಂದ ಸಾಹೇಬರ ದನಿ. ಕ್ರೇನಿನವನಿಗೆ ಕೈ ಸನ್ನೆ ಹೋಗಿಯೇಬಿಟ್ಟಿತು.

ತಿರುಗಿದೆ. “ಓಡುತ್ತೆ ಸಾಹೇಬ್ರೇ, ಕೇಳಿ ಸದ್ದು ಹೇಗಿದೆ.”

“ಓಡುತ್ತಾ?” ಇದು ನಿರ್ದೇಶಕರು.

“ಇಲ್ಲ ಸಾರ್, ಅವರ ಮಟ್ಟಿಗೆ ಓಡುತ್ತೆ. ನಿಮ್ಮ ಮಟ್ಟಿಗೆ ಓಡಲ್ಲ.”

“ಕಾರು ಒಂದೇ ತಾನೆ?” ಎಂದರು ಇಬ್ಬರೂ ಒಟ್ಟಿಗೆ.

ನಾನು ಆ ಬೀದಿಯಲ್ಲಿ ಎಡಕ್ಕೆ ‘ಓಡುತ್ತೆ’, ಬಲಕ್ಕೆ ‘ಓಡಲ್ಲ’, ಎಡಕ್ಕೆ ‘ಓಡುತ್ತೆ’, ಬಲಕ್ಕೆ ‘ಓಡಲ್ಲ’ ಎಂದು ತಿರುಗಿ ತಿರುಗಿ ಹೇಳಿ ಕುತ್ತಿಗೆ ಉಳುಕಿಸಿಕೊಂಡೆ. ಓಡದಿದ್ದರೆ ಕ್ರೇನು. ಓಡಿದರೆ ಸಿನಿಮಾದವರು ವಾಪಸು. ಮಧ್ಯೆ ಕಾರಿನಲ್ಲಿ ಕೈಚೀಲ ಹಿಡಿದು ಕೂತ ಅತ್ತೆ.

ಈ ಗಲಾಟೆಯಲ್ಲಿ ಒಬ್ಬರು ಮಾತ್ರ ಬಿಳಿಚಿಕೊಂಡು ನಿಂತಿದ್ದರು. ಸಿಡಿಲಣ್ಣ. ಅವರು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, ಇಡೀ ಬೀದಿಗೆ ಕೇಳದಂತೆ ಕೇಳಿದರು. “ಯಜಮಾನ್ರೇ, ನಿಜ ಹೇಳಿ. ಓಡಲ್ಲ ತಾನೆ?”

“ಯಾಕೆ ಸಾರ್?”

“ನನಗೆ ಕಾರು ಬಿಡೋಕೆ ಬರಲ್ಲ.”

ನಾನು ರೈಲು ಬಿಡುವವನು, ಅವರು ಕಾರೂ ಬಿಡದವರು. ಹೆಸರು ಮಾಡಿದ್ದು ಅವರು.

“ಎಲ್ಲ ಪಿಕ್ಚರಿನಲ್ಲೂ ಡೂಪ್ ಇರ್ತಾನೆ” ಎಂದರು. “ಓಡದ ಕಾರು ಅಂದ್ರಲ್ಲ ಅಂತ ಈ ಪಿಕ್ಚರ್ ಒಪ್ಪಿಕೊಂಡೆ. ಡೂಪಿಗೆ ರಜೆ ಕೊಟ್ಟು ಕಳಿಸಿದ್ದೀನಿ.”

ಅವರಿಗೆ ಧೈರ್ಯ ಹೇಳುವುದು ನನ್ನ ಧರ್ಮವಾಯಿತು. “ಸುಮ್ಮನೆ ಹೋಗಿ ಕೂತ್ಕೊಳ್ಳಿ ಸಾರ್. ಚಕ್ರಕ್ಕೆ ಕಲ್ಲು ಕೊಟ್ಟಿದೆ. ಈ ಕಲ್ಲು ಇರೋ ತನಕ ಇದು ಓಡಲ್ಲ.”

ಅವರು ನಂಬಿದರು. ನನ್ನನ್ನು ನಂಬಿದ ಮೊದಲ ಸಿನಿಮಾ ನಟರು ಅವರೇ. ಕಾಲುಗಳನ್ನು ಒಂದೊಂದಾಗಿ ಮಡಚಿ ಒಳಗಿಟ್ಟು, ತಲೆಯನ್ನು ಪ್ರಪಂಚದ ನಕ್ಷೆಗೆ ಒತ್ತಿಕೊಂಡು ಚಾಲಕನ ಸೀಟಿನಲ್ಲಿ ಕೂತರು. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. ಆ ಸೀಟಿನಲ್ಲಿ ಯಾರಾದರೂ ಕೂತು ಎಷ್ಟೋ ಕಾಲವಾಗಿತ್ತು. ಕೈಚೀಲ ತೆರೆದು ಒಂದು ಪೆಪ್ಪರ್‌ಮಿಂಟು ಕೊಟ್ಟರು.

ಸರಿಯಾಗಿ ಆಗಲೇ ಪುರಸಭೆಯ ಸಾಹೇಬರ ಕಣ್ಣು ಚಕ್ರದ ಕಡೆ ಹೋಯಿತು.

“ಇದೇನಿದು, ಸಾರ್ವಜನಿಕ ರಸ್ತೆಯಲ್ಲಿ ಕಲ್ಲು?” ಎಂದು, ನಿಯಮದ ಪ್ರಕಾರ, ಬೂಟುಗಾಲಿನಲ್ಲಿ ಅದನ್ನು ಒದ್ದು ಚರಂಡಿಗೆ ತಳ್ಳಿದರು.

ಕಾರು ಒಂದು ಕ್ಷಣ ಯೋಚಿಸಿತು. ಸಿಡಿಲಣ್ಣ ಏನಾಯಿತೆಂದು ನೋಡಲು ಬಗ್ಗಿದರು. ಬಗ್ಗಿದಾಗ ಅವರ ಮೊಣಕಾಲು ಗೇರಿಗೆ ತಗುಲಿತು. ಇಳಿಜಾರು ತನ್ನ ಕೆಲಸ ತಾನು ಮಾಡಿತು. ಮೊಟ್ಟೆ ಹೊರಟಿತು.

“ನನ್ನ ಡೂಪ್ ಎಲ್ಲಿ?” ಎಂಬ ಸಿಡಿಲಣ್ಣನ ಆರ್ತನಾದ ನಮ್ಮ ಮನೆಯ ಮುಂದೆ ಶುರುವಾಗಿ ದರ್ಜಿಯ ಅಂಗಡಿಯ ಮುಂದೆ ಮುಗಿಯಿತು. ಅಷ್ಟು ವೇಗ.

ಓಡದ ಕಾರು ಓಡಿತು. ಅದರ ಹಿಂದೆ ಎಂದೂ ಓಡದ ನಾನು ಓಡಿದೆ. ನನ್ನ ಹಿಂದೆ ನಿರ್ದೇಶಕರು, ಕ್ಯಾಮೆರಾದವರು, ಮೇಷ್ಟ್ರು, ಅಳತೆಯ ಟೇಪು ಕುತ್ತಿಗೆಯಲ್ಲಿ ಹಾರಾಡಿಸಿಕೊಂಡು ದರ್ಜಿ, ‘ನಿಲ್ಲಿಸಿ, ನಿಲ್ಲಿಸಿ’ ಎಂದು ಸಾಹೇಬರು, ಅವರ ಹಿಂದೆ ಕ್ರೇನು. ಡಾಕ್ಟ್ರು ಓಡುತ್ತಲೇ, “ನೋಡಿದ್ರಾ ನನ್ನ ಕೈಗುಣ” ಎಂದು ಎಲ್ಲರಿಗೂ ಹೇಳಿಕೊಂಡು ಬಂದ. ಹಿಂದೆ ತಿರುಗಿ ನೋಡಿದರೆ ಭಾವಮೈದುನ ಓಡಿರಲಿಲ್ಲ. ಖಾಲಿಯಾದ ಜಾಗದಲ್ಲಿ ತನ್ನ ದೋಣಿಯಂಥ ಕಾರನ್ನು ನಿಧಾನವಾಗಿ ಹಿಂದಕ್ಕೆ ತೆಗೆದು ನಿಲ್ಲಿಸುತ್ತಿದ್ದ.

ಕಾರಿನೊಳಗೆ ನಡೆದ ಮಾತುಕತೆಯನ್ನು ಸಿಡಿಲಣ್ಣನೇ ಆಮೇಲೆ ಹೇಳಿದ್ದರಿಂದ, ಇದರಲ್ಲಿ ನನ್ನ ಇಸ್ತ್ರಿ ಏನೂ ಇಲ್ಲ.

“ಅಮ್ಮಾ, ಬ್ರೇಕ್ ಯಾವುದು?”

“ಮಧ್ಯದ್ದು. ಆದರೆ ಅದು ಕೆಲಸ ಮಾಡಲ್ಲಪ್ಪ, ಸುಮ್ಮನೆ ಅಂದಕ್ಕೆ.”

“ನಿಧಾನ ಮಾಡೋದು ಹೇಗೆ?”

“ಯಾಕೆ ನಿಧಾನ?” ಎಂದರಂತೆ ಅತ್ತೆ. ತಮ್ಮ ಸಂಸಾರವಿಡೀ ನಿಧಾನ ನಿಧಾನ ಎಂದು ಜಪಿಸಿದ ಅತ್ತೆ. “ಹೋಗಲಿ ಬಿಡಿ. ಗಾಳಿ ಚೆನ್ನಾಗಿ ಬರ್ತಾ ಇದೆ.”

“ಮುಂದೆ ನೀರು ಕಾಣ್ತಾ ಇದೆಯಮ್ಮ.”

“ಕೆರೆ ಅಂದ್ಮೇಲೆ ನೀರು ಇರಲೇಬೇಕಲ್ಲ. ಆ ಮರ ಬಂತಲ್ಲ, ಈಗ ಎಡಕ್ಕೆ ತಿರುಗಿಸಿ. ಹುಲ್ಲಿನ ದಿಬ್ಬ ಇದೆ. ನಮ್ಮವರು ಅಲ್ಲೇ ನಿಲ್ಲಿಸ್ತಾ ಇದ್ದದ್ದು. ಬ್ರೇಕಿಗೆ ಅವರು ಯಾವತ್ತೂ ತೊಂದರೆ ಕೊಟ್ಟವರಲ್ಲ.”

ಸಿಡಿಲಣ್ಣ ಎಡಕ್ಕೆ ತಿರುಗಿಸಿದರು. ಕಾರು ದಿಬ್ಬ ಹತ್ತಿತು, ತುದಿಯಲ್ಲಿ ನಿಂತು ಒಮ್ಮೆ ನಿಟ್ಟುಸಿರು ಬಿಟ್ಟಿತು, ಹೊಲಿಗೆ ಯಂತ್ರದ ಬೆಲ್ಟು ಕಿತ್ತು ಕೆರೆಗೆ ಹಾರಿತು. ದಬದಬ ನಿಂತಿತು.

ನಾವು ನಾಲಿಗೆ ಹೊರಹಾಕಿಕೊಂಡು ಅಲ್ಲಿಗೆ ಮುಟ್ಟಿದಾಗ ಇಬ್ಬರೂ ಸದ್ದಿಲ್ಲದೆ ನೀರು ನೋಡುತ್ತಾ ಕೂತಿದ್ದರು. ಗೋಡೆಗಳನ್ನು ಒಡೆದ ಸಿಡಿಲಣ್ಣ ಎರಡು ಕೈಯಲ್ಲೂ ಅತ್ತೆಯ ಉಣ್ಣೆಯ ಎಳೆ ಹಿಡಿದಿದ್ದರು. ಅತ್ತೆ ಉಂಡೆ ಸುತ್ತುತ್ತಿದ್ದರು. ಅವರ ಕಣ್ಣು ತೇವವಾಗಿತ್ತು. ಗಾಳಿಗೆ ಇರಬೇಕು.

“ಇಷ್ಟು ಬೇಗ ಯಾಕೆ ಬಂದ್ರಿ ಅಳಿಯಂದ್ರೇ” ಎಂದರು. “ಸ್ವಲ್ಪ ಹೊತ್ತು ಆ ಕಡೆ ಇರಿ.”

ಇಡೀ ದಂಡು ದಿಬ್ಬದ ಕೆಳಗೆ, ಬಾಗಿಲ ಹೊರಗೆ ಕಾಯುವ ನೆಂಟರ ಹಾಗೆ, ಸುಮ್ಮನೆ ನಿಂತಿತು. ಅತ್ತೆ ಉಂಡೆ ಪೂರ್ತಿ ಸುತ್ತಿ, ಚೀಲಕ್ಕೆ ಹಾಕಿ, “ಆಯ್ತು” ಎಂದರು.

ಡಾಕ್ಟ್ರು ಬಾನೆಟ್ ಎತ್ತಿ, ಕಿವಿಯಿಟ್ಟು, ಟೋಪಿ ತೆಗೆದ. “ಇನ್ನು ಓಡಲ್ಲ.”

“ಖಂಡಿತಾನಾ?” ಎಂದರು ನಿರ್ದೇಶಕರು, ಸಂತೋಷ ತಡೆಯಲಾರದೆ.

“ನನ್ನ ಕೈಯಲ್ಲೇ ಹೋಗಿದೆ ಸಾರ್. ನಾನು ಮುಟ್ಟಿದ್ದನ್ನ ಇನ್ಯಾರಿಗೂ ಎಬ್ಬಿಸೋಕಾಗಲ್ಲ.”

ಆಮೇಲಿನದನ್ನು ನೀವೆಲ್ಲ ಪರದೆಯ ಮೇಲೆ ನೋಡಿರುತ್ತೀರಿ. ಇಲ್ಲದಿದ್ದರೆ ತಪ್ಪು ನಿಮ್ಮದು. ಇಡೀ ಬೀದಿ ಸೇರಿ ಆ ಮೊಟ್ಟೆಯನ್ನು ಕೆರೆಯಿಂದ ಮನೆಯ ತನಕ ಏರಿನಲ್ಲಿ ತಳ್ಳುವ ದೃಶ್ಯ ಅದೇ. ಒಳಗೆ ಸಿಡಿಲಣ್ಣ, ಪಕ್ಕದಲ್ಲಿ ಅತ್ತೆ. ಅವರನ್ನು ಇಳಿಯಿರಿ ಎಂದು ನಿರ್ದೇಶಕರು ಕೇಳಿದ್ದಕ್ಕೆ, “ನಾನು ಇಳಿಯಲ್ಲ ಅಂತ ಹೋದ ವಾರವೇ ಹೇಳಿದ್ದೀನಿ” ಎಂದಿದ್ದರು. ಮನೆ ಮುಟ್ಟಿದಾಗ ಜಾಗದಲ್ಲಿ ದೋಣಿ ನಿಂತಿತ್ತು. ಅತ್ತೆ ಕಿಟಕಿಯ ಗಾಜು ಇಳಿಸಿ ಮಗನ ಕಡೆ ನೋಡಿದರು, ಅಷ್ಟೆ. ದೋಣಿ ಹಿಂದಕ್ಕೆ ಹೋದ ವೇಗ ನೋಡಿ ನಿರ್ದೇಶಕರು ಅದನ್ನೂ ಚಿತ್ರಕ್ಕೆ ತೆಗೆದುಕೊಂಡರು.

ಆ ದೃಶ್ಯದಲ್ಲಿ ಮುಖ ಪೂರ್ತಿ ಕಾಣುವುದು ಪುರಸಭೆಯ ಸಾಹೇಬರದು. ಕೆರೆದಂಡೆಯಲ್ಲಿ ಗಾಡಿ ನಿಂತರೆ ಅದೂ ತಮ್ಮ ತಲೆಗೇ ಬರುತ್ತದೆಂದು ಹೆದರಿ ಎಲ್ಲರಿಗಿಂತ ಮುಂದೆ ನಿಂತು ತಳ್ಳಿದ್ದರು. ನನ್ನದು ಕಾಣುವುದು ಒಂದು ಬೆರಳು. ಡಿಕ್ಕಿಯ ಎಡ ಮೂಲೆಯಲ್ಲಿ ಇಡೀ ಕಾರನ್ನು ಒಂದೇ ಸಮ ಏರಿಸುತ್ತಿದೆಯಲ್ಲ, ಆ ಬೆರಳು ನನ್ನದು. ಉಳಿದವರೆಲ್ಲ ಸುಮ್ಮನೆ ಕೈಯಿಟ್ಟಿದ್ದರು.

ಪಿಕ್ಚರು ಬಂದು ಊರೆಲ್ಲ ಸಾಹೇಬರನ್ನು ಗುರುತಿಸತೊಡಗಿದ ಮೇಲೆ, ಒಂದು ಮಧ್ಯಾಹ್ನ ಅವರು ನಮ್ಮ ಮನೆಯ ಮುಂದೆ ಬಂದು ನಿಂತರು. ಕ್ರೇನು ಜೊತೆಯಲ್ಲಿರಲಿಲ್ಲ. ಕಾರಿನೊಳಗೆ ರೇಡಿಯೋ ಹಾಡುತ್ತಿತ್ತು, ಅತ್ತೆ ಹೆಣಿಗೆಯಲ್ಲಿದ್ದರು. ಚಕ್ರಕ್ಕೆ ಹೊಸ ಕಲ್ಲು ಕೊಟ್ಟಿದ್ದೆ, ಸಾಹೇಬರು ಅದನ್ನು ದಾಟಿಯೇ ಬಂದರು.

“ಸಾಹೇಬ್ರೇ, ಇದು ಈಗ…”

“ನೀವು ಮಾತಾಡಬೇಡಿ” ಎಂದರು. “ನೀವು ಮಾತಾಡಿದ್ರೆ ಕಾರು ಓಡುತ್ತೆ.”

ಹಣೆಯ ಮೇಲಿದ್ದ ಕನ್ನಡಕವನ್ನು ಮೊದಲ ಸಲ ಕಣ್ಣಿಗೆ ಇಳಿಸಿಕೊಂಡರು. ಗಾಜಿನ ಮೇಲೆ ಇನ್ನೂ ಮಸುಕಾಗಿ ಉಳಿದಿದ್ದ ತಮ್ಮದೇ ಬರಹವನ್ನು ಓದಿದರು. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ನಡುವಿನ ಒಂದು ಅಕ್ಷರವನ್ನು ಒರೆಸಿದರು. ಜೇಬಿನಿಂದ ಸೀಮೆಸುಣ್ಣ ತೆಗೆದು, ಶಾಲೆಯ ಮಗುವಿನ ಹಾಗೆ ನಾಲಿಗೆ ಕಚ್ಚಿಕೊಂಡು, ಆ ಜಾಗದಲ್ಲಿ ದುಂಡಗೆ ಒಂದು ‘ಟ’ ಬರೆದರು.

“ಅವತ್ತು ಕಣ್ಣು ಸರಿಯಾಗಿ ಕಂಡಿರಲಿಲ್ಲ” ಎಂದರು. “ಓಟದ ಗಾಡಿ ಎತ್ತಿಸಿ ಅಂತ ನಮಗೆ ಮೇಲಿಂದ ಏನೂ ಬಂದಿಲ್ಲ.”

ಅವರು ಬೀದಿಯ ತಿರುವು ದಾಟುವ ತನಕ ನಾನು ಉಸಿರು ಬಿಡಲಿಲ್ಲ. ಬಿಟ್ಟ ಮೇಲೆ ಕಾರಿನೊಳಗಿಂದ ಅತ್ತೆಯ ದನಿ ಕೇಳಿಸಿತು. ಖಾಲಿ ಸೀಟಿನ ಕಡೆ ತಿರುಗಿ ಹೇಳುತ್ತಿದ್ದರು.

“ಸ್ವಲ್ಪ ಜೋರಾಗಿ ಬಿಡಿ. ಇದು ಓಟದ ಗಾಡಿಯಂತೆ.”